ಹಿತ್ತಲಲ್ಲೊಂದು ನೆಂಟರ ಕೋಣೆ

ಗೆಳೆಯರೇ, ನೆಂಟರಿಗೆಂದು ಹಿತ್ತಲಲ್ಲಿ ಕೋಣೆ ಕಟ್ಟಿಸುವ ಆಲೋಚನೆಯಿದ್ದರೆ ಮೊದಲು ನೆಂಟರನ್ನು ಕೇಳಿ. ನಾನು ಕೇಳಲಿಲ್ಲ. ಆರು ತಿಂಗಳು ಗೌಂಡಿಯ ಬೆನ್ನು ಹತ್ತಿ, ನಮ್ಮ ಬೆಳಗಾವಿ ಮನೆಯ ಹಿಂದೆ ಬಚ್ಚಲು ಸಮೇತ ಚೆಂದದ ಕೋಣೆ ಕಟ್ಟಿಸಿದೆ.

ಇಂದು ಬೆಳಿಗ್ಗೆ ಬೀಡಿ ಗ್ರಾಮದಿಂದ ಸೋದರತ್ತೆ ಬಂದರು. ಹೊಸ ಕೋಣೆಯ ಹೊಸ್ತಿಲಲ್ಲೇ ನಿಂತು ಒಳಗೆ ಇಣುಕಿದರು.

“ಚಂದ ಐತಿ. ಆದ್ರ ಹಿತ್ತಲದಾಗ ಇರಾಕ ನಾ ಏನ್ ಎಮ್ಮಿ ಏನೋ?”

ಸಂಜೆ ಉದ್ಯಮಬಾಗದಿಂದ ಕೆಲಸ ಮುಗಿಸಿ ಬಂದೆ. ಅತ್ತೆಯ ಚೀಲ ನನ್ನ ಮಂಚದ ಮೇಲಿತ್ತು. ನನ್ನ ದಿಂಬು, ಚಾದರ ಹಿತ್ತಲು ಸೇರಿದ್ದವು. ಹೆಂಡತಿ ಮಕ್ಕಳು ಅತ್ತೆಯ ಪಕ್ಷ ಸೇರಿದ್ದರು. ಹಿತ್ತಲ ಕೋಣೆಗೆ ಹೋಗಿ ಕುಳಿತೆ.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಚಹಾದ ಕಪ್ಪು ಹಿಡಿದು ಅತ್ತೆ ನಿಂತಿದ್ದರು.

“ನಾಚಬ್ಯಾಡ ತಮ್ಮಾ. ಏನ್ ಬೇಕಾದ್ರೂ ಕೇಳು. ನಿನ್ನ ಮನೀನ ಅಂತ ತಿಳ್ಕೊ.”