ಪಗಾರ ಸಮೇತ ಮೂರು ವರ್ಷದ ಶಿಕ್ಷೆ

“ಆಂಟಿ, ಆಫೀಸ್‌ದವ್ರು ನನಗ ಮೂರು ವರ್ಷ ಶಿಕ್ಷೆ ಕೊಡ್ತಾರ. ಮ್ಯಾಲೆ ಪಗಾರಾನೂ ಕೊಡ್ತಾರ!”

ಕಳೆದ ವರ್ಷ ಪಲ್ಲವಿ ನಮ್ಮ ಬಾಗಿಲಲ್ಲಿ ಸಿಹಿಯ ಡಬ್ಬಿ ಹಿಡಿದು ನಿಂತು ಹೀಗೆಂದಾಗ ನಾನು ಗಾಬರಿಯಾದೆ. ಯಾವ ಆಫೀಸಪ್ಪಾ ಇದು, ಜೈಲಾ? ಹಿಂದೆ ನಿಂತಿದ್ದ ಅವಳ ತಾಯಿ ಸುಮಂಗಲಾ ಹಣೆ ಚಚ್ಚಿಕೊಂಡಳು. “ಶಿಕ್ಷೆ ಅಲ್ಲವ್ವಾ, ಶಿಕ್ಷಣ! ಶಿಕ್ಷಣ ಅನ್ನು!”

ಪಲ್ಲವಿಯದು ಮೂಲ ಹುಬ್ಬಳ್ಳಿ, ಅಪ್ಪ ರೈಲ್ವೆಯಲ್ಲಿ. ಹುಡುಗಿ ಬೆಳೆದದ್ದೆಲ್ಲ ಕೋಲ್ಕತ್ತದಲ್ಲಿ, ಕಸ್ಬಾದ ನಮ್ಮದೇ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ. ಬಂಗಾಳಿಯಲ್ಲಿ ಶಿಕ್ಷಾ ಎಂದರೆ ವಿದ್ಯೆ. ಅದನ್ನೇ ಎತ್ತಿ ತಂದು ಕನ್ನಡದಲ್ಲಿ ಇಟ್ಟುಬಿಟ್ಟಿದ್ದಳು. ನಾವೆಲ್ಲ ನಕ್ಕೆವು. ಸಿಹಿ ತಿಂದೆವು.

ಆಮೇಲೆ ಅವಳು ವಿವರ ಹೇಳಿದಳು. ಎರಡನೆಯದಕ್ಕೆ ಕೈ ಹಾಕಿದ್ದ ನಾನು ಅದನ್ನು ಡಬ್ಬಿಗೇ ವಾಪಸ್ ಇಟ್ಟೆ.

ಇದಕ್ಕೆ ಅಪ್ರೆಂಟಿಸ್‌ಶಿಪ್ ಡಿಗ್ರಿ ಎನ್ನುತ್ತಾರಂತೆ. ನ್ಯೂ ಟೌನ್‌ನ ಒಂದು ಸರಕು ಸಾಗಣೆ ಕಂಪನಿಯಲ್ಲಿ ವಾರಕ್ಕೆ ನಾಲ್ಕು ದಿನ ಕೆಲಸ. ಗುರುವಾರ, ಶುಕ್ರವಾರ ಯೂನಿವರ್ಸಿಟಿಯಲ್ಲಿ ಕ್ಲಾಸ್. ಆರೂ ದಿನಕ್ಕೆ ಸಂಬಳ. ಮೂರು ವರ್ಷ ಕಳೆದರೆ ಕೈಯಲ್ಲಿ ಡಿಗ್ರಿ, ಅನುಭವ, ಎರಡೂ. ಕೊರಳಲ್ಲಿ ಎರಡು ಗುರುತಿನ ಚೀಟಿ. ಆಫೀಸಿನದು ನೀಲಿ ಪಟ್ಟಿ, ಯೂನಿವರ್ಸಿಟಿಯದು ಕೆಂಪು. ಒಂದೇ ಕೊರಳಲ್ಲಿ!

ಓದುಗರೇ, ನಿಮ್ಮ ಹತ್ತಿರ ಏನು ಮುಚ್ಚುಮರೆ? ನನಗೆ ಹೊಟ್ಟೆಕಿಚ್ಚಾಯಿತು. ಅವಳ ವಯಸ್ಸಿನ ಮೇಲಲ್ಲ, ಸಂಬಳದ ಮೇಲೂ ಅಲ್ಲ. ಆ ಗುರುವಾರದ ಮೇಲೆ.

ಯಾಕೆಂದರೆ ನನ್ನ ಹತ್ತಿರ ಗುರುವಾರ ಇರಲಿಲ್ಲ. ಮದುವೆಯಾಗಿ ಈ ಊರಿಗೆ ಬಂದಾಗ ನನಗೆ ಇಪ್ಪತ್ತು. ಹಗಲು ಒಂದು ಬಟ್ಟೆ ಕಂಪನಿಯಲ್ಲಿ ಗುಮಾಸ್ತೆ, ಸಂಜೆ ಬಿ.ಕಾಂ. ಆರು ಗಂಟೆಗೆ ಕ್ಲಾಸ್. ಕಂಪನಿಯ ಬಂಗಾಳಿ ಮಾಲೀಕರು ಸರಿಯಾಗಿ ಐದೂವರೆಗೆ ಒಂದು ರಾಶಿ ಬಿಲ್ಲು ತಂದು ಮೇಜಿನ ಮೇಲೆ ಇಡುತ್ತಿದ್ದರು. ನಾನು ಗಡಿಯಾರ ನೋಡಿದರೆ ನಗುತ್ತಿದ್ದರು. “ಪೊಡಾ ಪೊರೇ ಹೊಬೇ, ಬೌಮಾ.” ಓದು ಆಮೇಲೆ ಆಗುತ್ತೆ, ಸೊಸೆಯಮ್ಮಾ. ಬೈಗುಳವಲ್ಲ, ನೋಡಿ. ಎಷ್ಟು ಅಕ್ಕರೆ! ಆ ಅಕ್ಕರೆಯಲ್ಲೇ ಎರಡನೇ ವರ್ಷ ಹಾಜರಿ ಸಾಲದೆ ನನ್ನ ಹೆಸರು ಕಾಲೇಜಿನ ಪಟ್ಟಿಯಿಂದ ಹೋಯಿತು.

ಆಮೇಲಿನ ಕಥೆ ಚಿಕ್ಕದು. ಒಂದು ಹೊಲಿಗೆ ಮಿಷನ್ನು, ಆಮೇಲೆ ನಾಲ್ಕು, ಈಗ ಶಾಲೆ, ಆಸ್ಪತ್ರೆಗಳಿಗೆ ಯೂನಿಫಾರ್ಮ್ ಒದಗಿಸುವ ನನ್ನದೇ ಘಟಕ. ಗರಿಯಾಹಾಟ್ ಮಾರ್ಕೆಟ್ಟಿನಲ್ಲಿ ನಾನು ಬರುವುದು ಕಂಡರೆ ಅಂಗಡಿಯವರು ಇಳಿಸಲಿಕ್ಕೆಂದೇ ಮೊದಲು ಬೆಲೆ ಏರಿಸಿಕೊಳ್ಳುತ್ತಾರೆ. (ಅದೂ ನನಗೆ ಗೊತ್ತು. ಅದಕ್ಕೇ ಅರ್ಧ ಬೆಲೆಯಿಂದಲ್ಲ, ಮೂರನೇ ಒಂದು ಪಾಲಿನಿಂದ ಶುರು ಮಾಡುತ್ತೇನೆ.) ಆದರೆ ಟೆಂಡರ್ ಫಾರಂ ತುಂಬುವಾಗ “ವಿದ್ಯಾರ್ಹತೆ” ಎಂಬ ಒಂದು ಖಾನೆ ಬರುತ್ತದಲ್ಲ, ಅಲ್ಲಿ ಮಾತ್ರ ನನ್ನ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ. ಅದರ ಜೊತೆ ಚೌಕಾಸಿ ಮಾಡಲು ಆಗುವುದಿಲ್ಲ.

ಇನ್ನು ಈ ಪಲ್ಲವಿಯ ವೈಭೋಗ ಕೇಳಿ. ಪರೀಕ್ಷೆ ಬಂದರೆ ಆಫೀಸಿನವರೇ ರಜೆ ಕೊಡುತ್ತಾರೆ. “ಪೇಪರ್ ಹೇಗಿತ್ತು?” ಎಂದು ಮ್ಯಾನೇಜರ್ ಕೇಳುತ್ತಾನೆ. ಕೇಳುತ್ತಾನೆ! ಬಂದರಿನಲ್ಲಿ ಕಂಟೇನರ್‌ಗಳು ಯಾಕೆ ತಡವಾಗುತ್ತವೆ ಎಂದು ತಾನು ಮಾಡಿದ ಕೆಲಸವನ್ನೇ ಬರೆದುಕೊಟ್ಟರೆ ಯೂನಿವರ್ಸಿಟಿಯಲ್ಲಿ ಅದಕ್ಕೆ ಮಾರ್ಕ್ಸ್. ನಾನು ಇಷ್ಟು ವರ್ಷ ಗುಂಡಿ, ಕಾಜಾ, ಕಾಲರು ನೋಡಿದೆನಲ್ಲ, ಯಾರು ಮಾರ್ಕ್ಸ್ ಕೊಟ್ಟರು?

ಹೀಗೆ ಒಂದು ವರ್ಷ ಒಳಗೊಳಗೇ ಉರಿದುಕೊಂಡು, ಮೇಲೆ “ಗುಡ್, ಗುಡ್” ಅನ್ನುತ್ತಾ ಕಳೆದೆ. ಹೋದ ವಾರದ ಹಿಂದಿನ ಬುಧವಾರ ಸಂಜೆ ತಾಯಿ, ಮಗಳು ಇಬ್ಬರೂ ಇಳಿದು ಬಂದರು.

“ಅಕ್ಕಾರ, ಈಕೀಗೆ ನೀವ ಒಂದೀಟು ಹೇಳ್ರಿ,” ಎಂದಳು ಸುಮಂಗಲಾ. “ಪರ್ಮನೆಂಟ್ ನೌಕರಿ ಬಾಗಲಕ್ಕ ಬಂದೈತಿ. ಇಕಿ ನೋಡಿದ್ರ ಮುಖಾ ಊದಿಸ್ಕೊಂಡು ಕುಂತಾಳ.”

ವಿಷಯ ಇಷ್ಟು. ಪಲ್ಲವಿಯ ಕೆಲಸ ಚೆನ್ನಾಗಿದೆ. ಅದಕ್ಕೇ ಮ್ಯಾನೇಜರ್ ಈಗಲೇ ಕಾಯಂ ಮಾಡುತ್ತೇನೆ ಎಂದಿದ್ದಾನೆ. ಆರು ದಿನ ಆಫೀಸಿಗೆ ಬರಬೇಕು. ಯೂನಿವರ್ಸಿಟಿ ಬಿಡಬೇಕು. ಸೋಮವಾರದೊಳಗೆ ಉತ್ತರ.

“ನನಗ ಓದಬೇಕು ಆಂಟಿ,” ಎಂದಳು ಹುಡುಗಿ. “ಬಟ್ ಎಲ್ಲಾರೂ ತಗೋ ತಗೋ ಅಂತಾರ. ನೀವು ಡೀಲಿಂಗ್‌ನಾಗ ಎಕ್ಸ್‌ಪರ್ಟ್. ನೀವು ಹೇಳಿದ್ದು ಮಾಡ್ತೀನಿ.”

ನಾನು ಏನು ಹೇಳಿದೆ ಗೊತ್ತೇ? ಸೋಫಾದಲ್ಲಿ ನೆಟ್ಟಗೆ ಕೂತು, ಕನ್ನಡಕ ಸರಿ ಮಾಡಿಕೊಂಡು ಹೇಳಿದೆ: “ಕೈಗೆ ಬಂದ ಕೆಲಸ ಬಿಡಬೇಡ. ಕಾಗದಕ್ಕಿಂತ ಅನುಭವ ದೊಡ್ಡದು. ನನ್ನನ್ನೇ ನೋಡು. ಓದು ಆಮೇಲೆ ಆಗುತ್ತೆ.”

ಎಷ್ಟು ಚೆನ್ನಾಗಿತ್ತು ಅಲ್ಲವೇ? ಸುಮಂಗಲಾಗೆ ಕಣ್ಣಲ್ಲಿ ನೀರೇ ಬಂತು. ಪಲ್ಲವಿ ತಲೆ ತಗ್ಗಿಸಿ “ಓಕೆ ಆಂಟಿ” ಎಂದಳು.

ಅವರು ಹೊರಟರು. ನಾನು ಬಾಗಿಲು ಹಾಕುತ್ತಿದ್ದೆ. ಮೆಟ್ಟಿಲ ಮೇಲೆ ಹುಡುಗಿ ಯಾರೋ ಗೆಳತಿಗೆ ಫೋನಿನಲ್ಲಿ ಹೇಳುವುದು ಕೇಳಿಸಿತು: “ಆಂಟಿ ಬೊಲ್ಲೇನ್, ಪೊಡಾ ಪೊರೇ ಹೊಬೇ.”



ಕನ್ನಡದಲ್ಲಿ ಹೇಳಿದಾಗ ಅದು ಅನುಭವಸ್ಥೆಯ ಮಾತಾಗಿತ್ತು. ಬಂಗಾಳಿಗೆ ತಿರುಗಿದ ಕೂಡಲೇ ಆ ಬಟ್ಟೆ ಕಂಪನಿಯ ಮಾಲೀಕರ ದನಿಯಾಯಿತು. ಐದೂವರೆ, ಬಿಲ್ಲಿನ ರಾಶಿ, ಆ ನಗು, ಎಲ್ಲ.

ತಕ್ಷಣ ಹೊರಗೆ ಓಡಿ ಅವಳನ್ನು ಕರೆದೆನೇ? ಇಲ್ಲ. ಬಾಗಿಲು ಹಾಕಿಕೊಂಡೆ. ಗುರುವಾರ ಸುಮ್ಮನಿದ್ದೆ. ಶುಕ್ರವಾರವೂ. ಮೀನಿನವನ ಹತ್ತಿರ ಮೂರು ಪ್ರಶ್ನೆ ಕೇಳದೆ ಕಾಲು ಕಿಲೋ ಕೊಳ್ಳದವಳು ನಾನು. ಅಂಥವಳು ಒಂದು ಹುಡುಗಿಯ ಡಿಗ್ರಿ ಬಿಟ್ಟುಕೊಡುವಾಗ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಲ್ಲ, ಯಾಕೆ? ಉತ್ತರ ನನಗೆ ಗೊತ್ತಿತ್ತು. ಅವಳಿಗೂ ಸಿಗದೇ ಹೋದರೆ ಲೆಕ್ಕ ಸಮವಾಗುತ್ತದೆ. ಅಷ್ಟು ಕೆಟ್ಟವಳೇ ನಾನು? ಹೌದು. ಎರಡೂವರೆ ದಿನ ಅಷ್ಟು ಕೆಟ್ಟವಳಾಗಿದ್ದೆ.

ಶನಿವಾರ ಮಧ್ಯಾಹ್ನ ಮೂರನೇ ಮಹಡಿ ಹತ್ತಿದೆ. ಪಲ್ಲವಿ ಅರ್ಧ ದಿನ ಮುಗಿಸಿ ಬಂದಿದ್ದಳು. ಲ್ಯಾಪ್‌ಟಾಪ್‌ನಲ್ಲಿ ಒಪ್ಪಿಗೆಯ ಮೇಲ್ ಸಿದ್ಧವಾಗಿತ್ತು, ಕಳಿಸುವುದೊಂದೇ ಬಾಕಿ.

“ತಡಿ,” ಎಂದೆ. “ಬುಧವಾರ ನಾನು ಹೇಳಿದ್ದು ಹೊಟ್ಟೆಕಿಚ್ಚಿಗೆ.”

“ಹೊಟ್ಟ್ಯಾಗ ಕಿಚ್ಚಾ?” ಅವಳಿಗೆ ಆತಂಕ. “ಅಂಬೋಲ್ ಏನು ಆಂಟಿ? ಗ್ಯಾಸಿನ ಗುಳಿಗಿ ಕೊಡ್ಲಿ?”

ಈ ಊರಿನಲ್ಲಿ ಹೊಟ್ಟೆಯ ಯಾವ ದೂರಿಗೂ ಅದೊಂದೇ ಔಷಧ. ನಾನು ಬಂಗಾಳಿಯಲ್ಲೇ ಹೇಳಬೇಕಾಯಿತು: “ಆಮಾರ್ ಹಿಂಶೆ ಹೊಯೇಛಿಲೋ.” ಅಸೂಯೆಗೆ ಅವರು ಹಿಂಸೆ ಎನ್ನುತ್ತಾರೆ. ಸರಿಯಾಗಿಯೇ ಹೆಸರಿಟ್ಟಿದ್ದಾರೆ.

ಹುಡುಗಿ ನನ್ನನ್ನೇ ನೋಡಿದಳು. “ನನ್ನ ಮ್ಯಾಲಾ? ನಿಮ್ಮದು ಸ್ವಂತ ಕಂಪನಿ ಐತೆಲ್ಲ ಆಂಟಿ?”

“ಅದು ಬೇರೆ. ಸೇರುವಾಗ ಸಹಿ ಹಾಕಿದ ಒಪ್ಪಂದ ತೆಗಿ.”

ಓದಿದೆವು. ಅದರಲ್ಲಿ ಮೂರು ಸಹಿ: ಅವಳದು, ಕಂಪನಿಯದು, ಯೂನಿವರ್ಸಿಟಿಯದು. ಗುರುವಾರ, ಶುಕ್ರವಾರ ಓದಿಗೆ ಬಿಡತಕ್ಕದ್ದು ಎಂದು ಸ್ಪಷ್ಟವಾಗಿ ಬರೆದಿತ್ತು. ಅಂದರೆ ಅದು ಮ್ಯಾನೇಜರ್ ಮಾಡುತ್ತಿದ್ದ ಉಪಕಾರವಲ್ಲ, ಅವಳ ಹಕ್ಕು. ಇನ್ನೊಂದು ಸಾಲೂ ಇತ್ತು: ಮಧ್ಯದಲ್ಲಿ ಬಿಟ್ಟರೆ ಸೀಟು ಹೋಗುತ್ತದೆ, ಮತ್ತೆ ಮೊದಲಿನಿಂದ. (ಇಂಥ ಒಪ್ಪಂದ ನಿಮ್ಮ ಮನೆಯಲ್ಲಿದ್ದರೆ ಇವತ್ತೇ ತೆಗೆದು ಓದಿ. ಸಹಿ ಹಾಕುವಾಗ ಯಾರೂ ಓದಿರುವುದಿಲ್ಲ.)

“ಸೋಮವಾರ ಹೋಗಿ ಬೇಡ ಅನ್ನಬೇಡ,” ಎಂದೆ. “ಬೇಕು ಅನ್ನು. ಕೊನೇ ಪರೀಕ್ಷೆ ಮುಗಿದ ಮಾರನೇ ದಿನದಿಂದ ಬೇಕು ಅನ್ನು. ಅದನ್ನು ಬರೆದುಕೊಡಿ ಅಂತ ಕೇಳು. ಕೇಳಿ ಸುಮ್ಮನಾಗು. ಮೊದಲು ಬಾಯಿ ಬಿಟ್ಟವರು ಸೋತಂತೆ.”

ಅಡುಗೆಮನೆಯಿಂದ ಸುಮಂಗಲಾ ಹೊರಗೆ ಬಂದಳು. “ಏನ್ರೀ ಅಕ್ಕಾರ, ಬುಧವಾರ ಹೂಂ, ಶನಿವಾರ ಉಹೂಂ? ನಿಮ್ಮ ರೇಟು ದಿನಕ್ಕೊಂದು ಆತೇನು?”

“ಬುಧವಾರದ್ದು ಕಲಬೆರಕೆ ಮಾಲು ಸುಮಂಗಲಾ. ವಾಪಸ್ ತಗೊಳ್ತಾ ಇದ್ದೀನಿ.”

“ಆ ಮ್ಯಾನೇಜರ್ ಸಿಟ್ಟಾದ್ರ? ಇದ್ದದ್ದೂ ಹೋದ್ರ?”

“ಇದ್ದದ್ದು ಹೋಗಲ್ಲ. ಮೂರು ಸಹಿ ಇದೆ. ಬರುವುದು ಹೋಗಬಹುದು.”

ನಾನು ಗೆದ್ದ ಕಥೆ ಹೇಳುತ್ತೇನೆ ಎಂದುಕೊಂಡಿರಾ? ಸೋಮವಾರ ಪಲ್ಲವಿ ನಾನು ಹೇಳಿಕೊಟ್ಟಂತೆಯೇ ಕೇಳಿದಳು, ಕೇಳಿ ಸುಮ್ಮನಾದಳು. ಮ್ಯಾನೇಜರ್ ಅವಳಿಗಿಂತ ಹೆಚ್ಚು ಹೊತ್ತು ಸುಮ್ಮನಿದ್ದ. ಆಮೇಲೆ “ಬರೆದುಕೊಡಲು ಬರುವುದಿಲ್ಲ, ಆಗ ನೋಡೋಣ” ಎಂದ. ಸಂಜೆಯೊಳಗೆ ಆ ಕಾಯಂ ಕೆಲಸ ಅವಳದೇ ಬ್ಯಾಚಿನ ಇನ್ನೊಬ್ಬ ಹುಡುಗನಿಗೆ ಹೋಯಿತು. ಅವನು ಯೂನಿವರ್ಸಿಟಿ ಬಿಟ್ಟ.

ಸುಮಂಗಲಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಲಿಫ್ಟಿನಲ್ಲಿ ಎದುರಾದರೆ ಮಹಡಿಯ ನಂಬರು ನೋಡುತ್ತಾಳೆ. ಮಂಗಳವಾರ ಪಲ್ಲವಿ ಒಬ್ಬಳೇ ಬಂದಳು. “ಆಂಟಿ, ಅಂವಾ ಈಗ ನನಗಿಂತ ಸೀನಿಯರ್. ನಾನು ಮಿಸ್ಟೇಕ್ ಮಾಡಿದ್ನಾ?”

ಸಲಹೆ ಕೊಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವಳಲ್ಲ. ಆದರೆ ಅವತ್ತು “ಗೊತ್ತಿಲ್ಲ ಮಗಾ” ಎಂದೆ. ನಿಜವಾಗಿಯೂ ಗೊತ್ತಿಲ್ಲ. ಎರಡು ವರ್ಷದ ಮೇಲೆ ಆ ಹುಡುಗ ಎಲ್ಲಿರುತ್ತಾನೋ, ಇವಳು ಎಲ್ಲಿರುತ್ತಾಳೋ. ನನಗೆ ಗೊತ್ತಿರುವುದು ಒಂದೇ, ಡಿಗ್ರಿ ಇಲ್ಲದ ದಾರಿ. ಅದರಲ್ಲಿ ಮಾತ್ರ ನಾನು ಎಕ್ಸ್‌ಪರ್ಟ್.

ಮೊನ್ನೆ ಗುರುವಾರ ಬೆಳಿಗ್ಗೆ ಆಟೋ ಸ್ಟ್ಯಾಂಡಿನಲ್ಲಿ ಸಿಕ್ಕಳು. ಬಾಯಲ್ಲಿ ಬಿಸ್ಕತ್ತು, ಬಗಲಲ್ಲಿ ಪುಸ್ತಕ. “ಇವತ್ತು ಕ್ಲಾಸ್, ಆಂಟಿ!” ಎಂದು ಕೂಗಿ ಆಟೋ ಹತ್ತಿದಳು. ಕೆಲಸದ ದಿನ, ಸಂಬಳದ ದಿನ, ಹಾಡುಹಗಲು ಹುಡುಗಿ ಓದಲು ಹೊರಟಿದ್ದಳು. ಸಂತೋಷವಾಯಿತೇ ಎನ್ನುತ್ತೀರಾ? ಉರಿಯಿತು, ಸ್ವಾಮಿ. ಮೊದಲಿನಷ್ಟೇ ಉರಿಯಿತು.

ನಿಮ್ಮ ಮಕ್ಕಳಿಗೂ ಹಿತ ಹೇಳುವವರು ಬಹಳ ಜನ ಇರುತ್ತಾರೆ. ಅವರ ಅನುಭವ ಎಷ್ಟು ಎಂದು ಕೇಳಿರುತ್ತೀರಿ, ಸರಿ. ಅವರಿಗೆ ಸಿಗದೇ ಹೋದದ್ದು ಏನು ಎಂದು ಕೇಳಿದ್ದೀರಾ?