ಬ್ರಹ್ಮಪ್ಪನವರ ಬುಧವಾರದ ಊಟ

ಹೀರೇಕಾಯಿ ತೊವ್ವೆ ಬಸ್ಸಿನ ನೆಲಕ್ಕೆ ಬಿದ್ದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದು ಬಿದ್ದದ್ದು ಶೋಭಿತಾ ಮೇಡಂ ಅವರ ಮಡಿಲಿಗೆ. ಮೇಡಂ ಅಂದು ಉಟ್ಟದ್ದು ಬಿಳಿ ಸೀರೆ. ತೊವ್ವೆಗೆ ಅರಿಸಿನ ಧಾರಾಳವಾಗಿತ್ತು.

ಡಿಸೆಂಬರ್ ತಿಂಗಳ ಬುಧವಾರ, ಸಂಜೆ ಆರು ಗಂಟೆಗೆ ಎರಡು ನಿಮಿಷ ಬಾಕಿ. ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳದ ಕಡೆ ಹೊರಟ ಬಸ್ಸಿನಲ್ಲಿ ನಿಂತುಕೊಂಡೇ, ಒಂದು ಮೊಣಕೈಯನ್ನು ಕಂಬಿಗೆ ಸಿಕ್ಕಿಸಿ, ಕಿಟಕಿಯಾಚೆ ಜಾರುತ್ತಿದ್ದ ಸೂರ್ಯನ ಜೊತೆ ಪಂದ್ಯ ಕಟ್ಟಿದವರಂತೆ ತುತ್ತಿನ ಮೇಲೆ ತುತ್ತು ಇಳಿಸುತ್ತಿದ್ದ ಬ್ರಹ್ಮಪ್ಪನವರಿಗೆ ರಸ್ತೆಯ ಹಂಪ್ ಕಾಣಲಿಲ್ಲ. ಸೂರ್ಯಾಸ್ತಕ್ಕೆ ಮೊದಲೇ ಎಲ್ಲ ಅಸ್ತವ್ಯಸ್ತ.

"ಏನ್ ಸಾ, ಬಸ್ಸೇನು ಮದ್ವೆ ಛತ್ರವಾ? ಎಲೆ ಆಕೋದೊಂದು ಬಾಕಿ!" ಎಂದ ಕಂಡಕ್ಟರ್ ಬಸವರಾಜು. "ಇನ್ಮೇಲೆ ನನ್ ಬಸ್ನಾಗೆ ಡಬ್ಬಿ ಬಿಚ್ಚಂಗಿಲ್ಲ, ಏಳಿವ್ನಿ."

ಬ್ರಹ್ಮಪ್ಪನವರ ಕಷ್ಟ ಅವನಿಗೇನು ಗೊತ್ತು? ಪಟ್ಟಣದ ಒಂದು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಗುಮಾಸ್ತರಾಗಿದ್ದ ಅವರದು ಬೆಳಗೊಳದ ದಾರಿಯ ಹಳ್ಳಿಯೊಂದರ ಜೈನ ಮನೆತನ. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಎಂಬತ್ತು ದಾಟಿದ ತಾಯಿ ಚಕ್ರೇಶ್ವರಮ್ಮನವರು ಪಡುವಣಕ್ಕೊಮ್ಮೆ ಕಣ್ಣು ಹಾಯಿಸಿ, ಅಡುಗೆಮನೆಗೆ ಚಿಲಕ ಹಾಕಿದರೆಂದರೆ ಮುಗಿಯಿತು. ಬ್ರಹ್ಮಪ್ಪನವರು ಊಟಪ್ರಿಯರು. ಬಿಸಿ ಅನ್ನ, ತೊವ್ವೆ, ಮೇಲೆ ತುಪ್ಪ; ಇಷ್ಟಿದ್ದರೆ ಅವರಿಗೆ ಬಡ್ತಿಯೂ ಬೇಡ. ಐದೂವರೆಗೆ ಮೊಪೆಡ್ ಹತ್ತಿದರೆ ಐದೂ ಐವತ್ತಕ್ಕೆ ತಟ್ಟೆಯ ಮುಂದೆ. ಚಳಿಗಾಲದಲ್ಲೂ ಹತ್ತು ನಿಮಿಷ ಕೈಯಲ್ಲಿರುತ್ತಿತ್ತು.

ಆ ಹತ್ತು ನಿಮಿಷಕ್ಕೆ ಕುತ್ತು ತಂದದ್ದು ಕಚೇರಿಗೆ ಹೊಸ ಅಧಿಕಾರಿಯಾಗಿ ಬಂದ ಶೋಭಿತಾ ಮೇಡಂ ಅವರ 'ವಾಹನರಹಿತ ಬುಧವಾರ.' ಹೊಗೆ ಕಡಿಮೆಯಾಗಬೇಕು, ಬಸ್ಸಿನ ಅಭ್ಯಾಸವಾಗಬೇಕು. ವಾರಕ್ಕೊಂದು ದಿನ ಸಿಬ್ಬಂದಿಯೆಲ್ಲ ಬಸ್ಸಿನಲ್ಲೇ ಬಂದು, ಟಿಕೆಟನ್ನು ರಿಜಿಸ್ಟರಿಗೆ ಅಂಟಿಸಬೇಕು. ಇಬ್ಬರು ಬೈಕನ್ನು ಹೋಟೆಲಿನ ಹಿಂದೆ ಬಚ್ಚಿಟ್ಟು, ದಾರಿಯಲ್ಲಿ ಆರಿಸಿದ ಟಿಕೆಟ್ ಅಂಟಿಸಿದರು. ಒಂದರ ಮೇಲೆ 'ಮಹಿಳೆ, ಉಚಿತ' ಎಂದಿದ್ದರಿಂದ ಸಿಕ್ಕಿಬಿದ್ದರು. ಬ್ರಹ್ಮಪ್ಪನವರಿಗೆ ಆ ದಾರಿಯೂ ಇರಲಿಲ್ಲ. ಅವರ ಮೊಪೆಡ್ಡಿನ ಸದ್ದು ಅವರಿಗಿಂತ ಅರ್ಧ ಕಿಲೋಮೀಟರ್ ಮೊದಲೇ ಹಾಜರಿ ಹಾಕುತ್ತಿತ್ತು. ಬಸ್ಸೋ, ಹೊರಡುವುದೇ ಐದೂ ಐವತ್ತಕ್ಕೆ. ಊರೂರು ನಿಂತು ಅವರನ್ನಿಳಿಸುವಾಗ ಆರೂ ಇಪ್ಪತ್ತೈದು. ಅದಕ್ಕೇ ಡಬ್ಬಿ ಕಟ್ಟಿಸಿಕೊಂಡು ಬಂದಿದ್ದರು. ನಿಲ್ದಾಣದ ನೂಕುನುಗ್ಗಲಲ್ಲಿ ಅದನ್ನು ಬಿಚ್ಚಲು ಜಾಗ ಸಿಕ್ಕಿರಲಿಲ್ಲ. ಹೊಸ ವ್ಯವಸ್ಥೆ ಹೇಗಿದೆ ನೋಡೋಣ ಎಂದು ಮೇಡಂ ಅದೇ ಬಸ್ಸು ಹತ್ತಿ ಕೂತದ್ದು ಅವರ ಗ್ರಹಚಾರ.

ಮರುದಿನ ಮೇಡಂ ಕರೆಸಿದರು. ಬ್ರಹ್ಮಪ್ಪನವರು ಸೀರೆಯ ಬೆಲೆ ಕೇಳುತ್ತಾರೆಂದುಕೊಂಡು ಹೋದರೆ, ಅವರು ಕೇಳಿದ್ದು ಕಾರಣ. ಹೇಳಿದರು. ಮೇಡಂ ಒಳ್ಳೆಯವರು, ಕಣ್ಣು ತುಂಬಿ ಬಂತು.

"ಛೆ, ಇಷ್ಟು ದಿನ ಹೇಳ್ಬಾರದಾ? ಬುಧವಾರ ನೀವು ನಾಲ್ಕೂವರೆ ಬಸ್ಸಿಗೆ ಹೊರಡಿ."

ಮೂರು ಬುಧವಾರ ತೊವ್ವೆ ಬಿಸಿಬಿಸಿಯಾಗಿಯೇ ಸಿಕ್ಕಿತು. ನಾಲ್ಕನೆಯದಕ್ಕೆ ಪಕ್ಕದ ಮೇಜಿನ ಕಾಂತರಾಜು, ನಾಲ್ಕೂ ಇಪ್ಪತ್ತಕ್ಕೆ ಬ್ಯಾಗು ಹೆಗಲಿಗೇರಿಸಿ ಮೇಡಂ ಮುಂದೆ ನಿಂತ.

"ನಂಗೂವೆ ಕತ್ಲಾದ್ಮೇಲೆ ಉಂಡ್ರೆ ಅರಗಕ್ಕಿಲ್ಲ ಮೇಡಂ."

"ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ಹಿರೀಸಾವೆ ಹತ್ರ ಬಿರಿಯಾನಿ ತಿಂದೆ ಅಂತ ಬೆಳಿಗ್ಗೆ ನೀವೇ ಹೇಳ್ತಿದ್ರಲ್ಲ?"

"ಅದೇಯ ಮೇಡಂ ನಾ ಏಳ್ತಿರೋದು. ಇನ್ನೂ ಅರಗಿಲ್ಲ!"

ಅವನ ಹಿಂದೆ ಇನ್ನೂ ಆರು ಜನ ಸಾಲು ನಿಂತಿದ್ದರು. ಅಷ್ಟೂ ಮಂದಿಗೆ ಒಂದೇ ವಾರದಲ್ಲಿ ಅಹಿಂಸೆಯ ಮೇಲೆ ಒಲವು ಹುಟ್ಟಿದ್ದು ಕಂಡು ಮೇಡಂ ಎಲ್ಲರ ಅನುಮತಿಯನ್ನೂ ರದ್ದು ಮಾಡಿದರು. ಬ್ರಹ್ಮಪ್ಪನವರದೂ ಹೋಯಿತು.

"ಎಲ್ಲಾ ನಿನ್ನಿಂದ ಕಣ್ಲಾ ಕಾಂತರಾಜು. ನನ್ ಅನ್ನಕ್ಕೆ ಕಲ್ ಆಕ್ಬುಟ್ಟೆ."

"ಕಲ್ಲೇನು ಬುಡಿ ಬ್ರಹ್ಮಪ್ಪಣ್ಣ, ಅನ್ನಾನೇ ಇಲ್ವಲ್ಲ ಈಗ!"

ಆದರೆ ಮೇಡಂ ಕೈಬಿಡಲಿಲ್ಲ. ಬುಧವಾರ ಕಚೇರಿ ಅರ್ಧ ಗಂಟೆ ಮೊದಲು ತೆರೆದು ಐದಕ್ಕೆ ಮುಚ್ಚಲಿ, ಐದೂ ಹತ್ತಕ್ಕೆ ಹೊಸ ಬಸ್ಸೊಂದು ಹೊರಡಲಿ ಎಂದು ಹಾಸನಕ್ಕೆ ಬರೆದರು. ಕಡತವೂ ಬಸ್ಸಿನ ಹಾಗೆಯೇ, ಎಲ್ಲ ಸ್ಟಾಪಿನಲ್ಲೂ ನಿಂತು ಹೋಯಿತು. ಹಾಸನದವರು, ಸೂರ್ಯ ಮುಳುಗುವ ವೇಳೆಗೆ ಅಧಿಕೃತ ದಾಖಲೆ ಲಗತ್ತಿಸಿ ಎಂದರು. ಮೇಡಂ ಪಂಚಾಂಗದ ಜೆರಾಕ್ಸ್ ಲಗತ್ತಿಸಿದರು. ಅದಕ್ಕೆ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕಾಯಿತು. ಆಮೇಲೆ ಹೊಳೆನರಸೀಪುರ, ಅರಕಲಗೂಡುಗಳ ಅಭಿಪ್ರಾಯ ಕೇಳಿದರು. ಅರಕಲಗೂಡಿನವರು 'ನಮ್ಮ ಆಕ್ಷೇಪಣೆ ಇಲ್ಲ' ಎಂದರು. ಹೊಳೆನರಸೀಪುರದವರು, 'ಸದರಿ ಸೂರ್ಯಾಸ್ತವು ನಮ್ಮ ತಾಲ್ಲೂಕಿಗೂ ಅನ್ವಯಿಸುವುದೇ?' ಎಂದು ಸ್ಪಷ್ಟನೆ ಕೋರಿದರು.

ಇತ್ತ ಜನವರಿಯಲ್ಲಿ ಬ್ರಹ್ಮಪ್ಪನವರ ಬೆಲ್ಟಿಗೆ ಹೊಸದೊಂದು ತೂತು ಬಿತ್ತು. ಬುಧವಾರ ಬಸ್ಸಿಳಿದು ಓಡೋಡಿ ಬಂದರೂ ಅಡುಗೆಮನೆಗೆ ಚಿಲಕ.

"ಅವ್ವಾ, ಇನ್ನೂ ಬೆಳಕೈತಲ್ಲವ್ವಾ."

"ಅದು ಬೀದಿ ದೀಪ ಕಣಪ್ಪ," ಎನ್ನುವರು ತಾಯಿ. "ಮಲಿಕೊ ಓಗು. ಬೆಳಗೆ ಎದ್ದೇಟ್ಗೆ ದೋಸೆ ಉಯ್ಕೊಡ್ತೀನಿ."

ಮಲಗಿದರೆ ಕನಸಿನಲ್ಲೂ ತುಪ್ಪವೇ. ಬುಧವಾರವೊಂದು ಬಿಟ್ಟು ಎಂಟು ದಿನಗಳ ವಾರವಿದ್ದರೂ ಅವರು ಒಪ್ಪುತ್ತಿದ್ದರು.

ಕಡತ ಹಾಸನದಿಂದ ಇಳಿದು ಬಂದದ್ದು ಜೂನ್ ಮೊದಲ ವಾರ. ಹೊಸ ಬಸ್ಸು ಮಂಜೂರು! ಪ್ರಾಯೋಗಿಕವಾಗಿ, ಆಗಸ್ಟ್ ಮೂವತ್ತೊಂದರವರೆಗೆ. ಕಚೇರಿಯ ಮುಂದೆಯೇ ಶಾಮಿಯಾನ ಹಾಕಿದರು. ಬಸ್ಸಿಗೆ ಬಾಳೆಕಂದು ಕಟ್ಟಿದರು. ಹಾಸನದಿಂದ ದೊಡ್ಡ ಸಾಹೇಬರು ಬಂದರು, ಕಾರಿನಲ್ಲಿ. ಹಿಂದೆ ಇನ್ನೂ ಮೂರು ಕಾರು, ಒಂದೊಂದರಲ್ಲೂ ಒಬ್ಬೊಬ್ಬರು. ಜನರ ಓಡಾಟದ ಚಾಳಿ ಬದಲಿಸಬೇಕೆಂದು ಎಲ್ಲರೂ ಕೂಡಿ ಎರಡು ಗಂಟೆ ಮಾತಾಡಿದರು. ಐದೂ ಹತ್ತರ ಬಸ್ಸು ಭಾಷಣ ಮುಗಿಯಲೆಂದು ಐದೂ ಐವತ್ತರವರೆಗೆ ಕಾದು ನಿಂತಿತು.

ಬ್ರಹ್ಮಪ್ಪನವರನ್ನು ವೇದಿಕೆಗೆ ಕರೆದು ಹಾರ ಹಾಕಿದರು. ಶೋಭಿತಾ ಮೇಡಂ ಅವರ ಮುಖ ಮಗಳ ಮದುವೆ ಮಾಡಿಸಿದವರಂತೆ ಬೆಳಗುತ್ತಿತ್ತು. ಐದು ತಿಂಗಳು ಪತ್ರ ಬರೆದು ಬರೆದು ಅವರ ಬೆರಳು ಸವೆದಿದ್ದವು. ಬ್ರಹ್ಮಪ್ಪನವರಿಗೆ ಅದು ಗೊತ್ತಿತ್ತು. ಏನಾದರೂ ಚೆಂದದ ಮಾತು ಹೇಳಬೇಕೆಂದು ಅವರು ಹುಡುಕುತ್ತಿರುವಾಗಲೇ ಸಾಹೇಬರು ಮೈಕ್ ತಂದು ಅವರ ಬಾಯಿಗೇ ಹಿಡಿದರು.

"ಸಂಕೋಚ ಬೇಡ ಬ್ರಹ್ಮಪ್ಪನವರೇ, ಧೈರ್ಯವಾಗಿ ಹೇಳಿ. ಇನ್ನು ಬುಧವಾರವೂ ಹೊತ್ತು ಮುಳುಗೋ ಮುಂಚೆ ನಿಮಗೆ ಬಿಸಿ ಊಟ. ಇದು ಯಾರಿಂದ ಸಾಧ್ಯವಾಯ್ತು?"

ಹಸಿವಿನ ವಿಷಯದಲ್ಲಿ ಬ್ರಹ್ಮಪ್ಪನವರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಸೂರ್ಯನಿಂದ ಸಾ," ಎಂದರು. "ಏಪ್ರಿಲ್‌ನಿಂದ ಅವ್ನೇ ಲೇಟಾಗಿ ಮುಳುಗ್ತಾವ್ನೆ. ಐದೂ ಐವತ್ರ ಅಳೇ ಬಸ್ನಾಗೆ ಓದ್ರೂ ಊಟ ಸಿಕ್ತದೆ."