ಎತ್ತದೆ ಕಲಿಸಿದ ಮೇಷ್ಟ್ರು

ನಾನು ಒಂದು ಜಿಮ್ಮಿನಲ್ಲಿ ಸಂಬಳಕ್ಕಿದ್ದಾಗ, ಅಲ್ಲಿ ನಡೆಯಲಾಗದವರಿಗೆ ಕಸರತ್ತು ಕಲಿಸುತ್ತಿದ್ದವರು ನಮ್ಮ ಮೇಷ್ಟ್ರು. ಆಗ ನನ್ನ ತೋಳು ದಪ್ಪವಿತ್ತು, ತಲೆಯೂ ಅಷ್ಟೇ. ಗಾಲಿಕುರ್ಚಿಯಲ್ಲಿ ಬರುತ್ತಿದ್ದ ಟೈಲರ್ ಅಕ್ಕನನ್ನು ನಾನೇ ಅನಾಮತ್ತಾಗಿ ಎತ್ತಿ ಬೆಂಚಿಗೆ ಕೂರಿಸಿ ಬೀಗುತ್ತಿದ್ದೆ.

"ದಿನಾ ಅವರ ಮನೆಗೂ ಹೋಗಿ ಎತ್ತುತ್ತೀಯೇನಪ್ಪಾ?" ಎಂದರು ಮೇಷ್ಟ್ರು.

ಮಂಚಕ್ಕೆ ಹತ್ತಲು ಅಕ್ಕ ಸೊಸೆಯನ್ನು ಕೂಗಬೇಕಿತ್ತು. ಅದು ತಪ್ಪಲಿ ಅಂತಲೇ ಅವರು ನಮ್ಮಲ್ಲಿಗೆ ಬರುತ್ತಿದ್ದದ್ದು.

ಅಂದಿನಿಂದ ಪಾಠ ಶುರುವಾಗುವ ಮೊದಲು ಮೇಷ್ಟ್ರು ನನ್ನ ಕೈಗಳನ್ನು ಟವೆಲ್ಲಿನಿಂದ ಹಿಂದಕ್ಕೆ ಕಟ್ಟಿಸುತ್ತಿದ್ದರು. ಗಂಟು ಹಾಕುತ್ತಿದ್ದವರು ಅಕ್ಕನೇ. "ಅಳತೆ ಸರಿಯಾಯ್ತಾ ತಮ್ಮಾ?" ಎಂದು ನಗುತ್ತಿದ್ದರು. ಅಕ್ಕ ಬಿದ್ದರೆ ಹಿಡಿಯಲು ಮೇಷ್ಟ್ರು ಪಕ್ಕದಲ್ಲೇ ನಿಂತಿರುತ್ತಿದ್ದರು.

ಮೂರು ತಿಂಗಳಿಗೆ ಅಕ್ಕ ಅಂಗೈಯೂರಿ, ಸೊಂಟವೆತ್ತಿ, ತಾವೇ ಬೆಂಚಿಗೆ ಜಾರಿ ಕೂತರು.

"ಇನ್ನು ನಾನು ಬರಲ್ಲ ಮೇಷ್ಟ್ರೇ."

ಗಿರಾಕಿ ಹೋದದ್ದಕ್ಕೆ ಅಷ್ಟು ಖುಷಿಪಟ್ಟ ಮನುಷ್ಯನನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.